ಗುಡ್ಡದ ಹೊಟ್ಟೆಯಲ್ಲಿ ಹಳೇ ಮಳೆ

ತಿಪಟೂರು ಸೀಮೆಯ ಅರಳಗುಪ್ಪೆಯ ಕಲ್ಲೇಶ್ವರನ ಗುಡಿಯಲ್ಲಿ ಈ ಸೋಮವಾರ ಒಡೆದ ತೆಂಗಿನಕಾಯಿಯ ವಯಸ್ಸೆಷ್ಟು, ಹೇಳಿ ನೋಡೋಣ. ಒಂದು ವರ್ಷ ಅಂತೀರಿ. ಹೊಂಬಾಳೆ ಒಡೆದು, ಹರಳು ಕಚ್ಚಿ, ಎಳನೀರಾಗಿ, ಬಲಿತು ಕಾಯಾಗುವುದಕ್ಕೆ 12 ತಿಂಗಳು, ಸರಿ. ಆದರೆ ಆ ಹೊಂಬಾಳೆ ಮರದ ಸುಳಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿಗುರಾಗಿ ಹುಟ್ಟಿದ್ದು ಅದಕ್ಕೂ ಸುಮಾರು 32 ತಿಂಗಳು ಮುಂಚೆ! ಎರಡನ್ನೂ ಕೂಡಿಸಿ. 44 ತಿಂಗಳು. ಪೂಜಾರರು ಒಂದೇ ಏಟಿಗೆ ಎರಡು ಹೋಳು ಮಾಡಿದ ಆ ಕಾಯಿ ಹೆಚ್ಚುಕಮ್ಮಿ ನಾಲ್ಕು ವರ್ಷದ ಮಳೆ, ಬಿಸಿಲು, ಬರ ಎಲ್ಲವನ್ನೂ ನೋಡಿ ಬಂದದ್ದು.

ತಿಂಗಳಿಗೊಂದು ಗರಿ, ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ಇವತ್ತು ತೋಟದಲ್ಲಿ ನಿಂತು ತಲೆಯೆತ್ತಿ ನೋಡಿದರೆ ಕಾಣುವುದು ಗೊನೆಗಳು ಮಾತ್ರ. ಕಾಣದೆ ಸುಳಿಯೊಳಗೆ ಸರತಿಯಲ್ಲಿ ನಿಂತಿರುವ ಹೊಂಬಾಳೆಗಳು ಇನ್ನೂ ಎಷ್ಟೋ! ನೀರಿಗೆ ಬರ ಬಂದಾಗ ಪೆಟ್ಟು ಬೀಳುವುದು ಕಾಣುವ ಕಾಯಿಗಷ್ಟೇ ಅಲ್ಲ, ಆ ಸರತಿಗೂ. ಹಾಗಾಗಿಯೇ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ‘ಹೋದ ವರ್ಷ ಮಳೆ ಚೆನ್ನಾಗೇ ಆಯ್ತಲ್ಲ, ಕಾಯಿ ಯಾಕೆ ಈಪಾಟಿ ಕಮ್ಮಿ?’ ಎಂದು ತಲೆ ಕೆರೆದುಕೊಳ್ಳುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಹೋದ ವರ್ಷದ ಮಳೆಯನ್ನು ಮರ ಇನ್ನೂ ಕಾಯಾಗಿ ಮಾಡಿಯೇ ಇಲ್ಲ, ಸ್ವಾಮಿ. ಅದು ಇನ್ನೂ ಹಳೇ ಬರದ ಲೆಕ್ಕ ಮುಗಿಸುತ್ತಿದೆ.

ಮರಕ್ಕೆ ನೆನಪಿದೆ ಅಂದಾಯಿತು. ಮರದ ಕೆಳಗಿನ ನೆಲಕ್ಕೆ? ಬಿದ್ದ ಮಳೆ ಬಿದ್ದ ವರ್ಷವೇ ಖರ್ಚಾಗುತ್ತದೋ, ಇಲ್ಲ ನೆಲವೂ ಅದನ್ನು ಎಲ್ಲೋ ಇಟ್ಟುಕೊಂಡು ವರ್ಷಗಳ ಮೇಲೆ ಲೆಕ್ಕ ಒಪ್ಪಿಸುತ್ತದೋ? ಈ ಪ್ರಶ್ನೆಯ ಬಾಲ ಹಿಡಿದು ಹೊರಟರೆ ದಾರಿ ಸೀದಾ ಬಂಡೀಪುರದ ಕಾಡಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಸಿಕ್ಕಿರುವ ಉತ್ತರ ಮೈ ಜುಮ್ಮೆನಿಸುವಂಥದ್ದು.

ಗುಂಡ್ಲುಪೇಟೆ ದಾಟಿ ಸುಲ್ತಾನ್ ಬತ್ತೇರಿಯ ಹೆದ್ದಾರಿ ಹಿಡಿದರೆ, ಕೇರಳದ ಗಡಿಗೆ ಇನ್ನೇನು ಬಂದೆವು ಎನ್ನುವಾಗ ಮೂಲೆಹೊಳೆ ಸಿಗುತ್ತದೆ. ಅರಣ್ಯದ ಚೆಕ್‌ಪೋಸ್ಟ್ ಇರುವ ಜಾಗ, ರಾತ್ರಿ ವಾಹನ ಬಿಡುವುದಿಲ್ಲವೆಂದು ಎರಡು ರಾಜ್ಯಗಳ ಜಗಳಕ್ಕೆ ಕಾರಣವಾದ ರಸ್ತೆ. ಆ ಜಗಳ ಗೊತ್ತಿರುವವರಲ್ಲಿ ನೂರಕ್ಕೆ ಒಬ್ಬರಿಗೂ ಗೊತ್ತಿಲ್ಲದ ಸಂಗತಿ ಏನೆಂದರೆ, ಅಲ್ಲೇ ಕಾಡಿನೊಳಗೆ ನಾಲ್ಕು ಚದರ ಕಿಲೋಮೀಟರ್‌ಗಿಂತ ಚೂರು ಹೆಚ್ಚಿನ ಒಂದು ಪುಟ್ಟ ಜಲಾನಯನವನ್ನು 2003ರಿಂದ ವಿಜ್ಞಾನಿಗಳು ಬಿಡದೆ ಅಳೆಯುತ್ತ ಬಂದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಐಆರ್‌ಡಿ ಸಂಶೋಧನಾ ಸಂಸ್ಥೆ ಕೈಜೋಡಿಸಿ ಕಟ್ಟಿದ ಪ್ರಯೋಗಶಾಲೆ ಅದು. ಎಂ. ಶೇಖರ್, ಲೊರಾಂ ರುಯಿಜ್, ಜಾನ್ ಜಾಕ್ ಬ್ರೌನ್, ಜಾನ್ ರಿಯೋತ್, ಹೀಗೆ ಎರಡು ದೇಶದ ಹೆಸರುಗಳು ಅದರ ಪ್ರಬಂಧಗಳಲ್ಲಿ ಅಕ್ಕಪಕ್ಕ ಕೂರುತ್ತವೆ. ಗೋಡೆ ಇಲ್ಲ, ಸೂರಿಲ್ಲ, ಆನೆ ಹುಲಿ ಓಡಾಡುವ ಪ್ರಯೋಗಶಾಲೆ!

ಕಾಡೇ ಯಾಕೆ? ಯಾಕೆಂದರೆ ಅಲ್ಲಿ ಉಳುವವರಿಲ್ಲ, ಗೊಬ್ಬರ ಹಾಕುವವರಿಲ್ಲ, ಮೋಟಾರು ಹಾಕಿ ನೀರೆತ್ತುವವರಿಲ್ಲ. ಮಳೆ, ಇಳಿಜಾರು, ಮಣ್ಣು, ಮರ, ಕಲ್ಲು ಇಷ್ಟೇ ಪಾತ್ರಧಾರಿಗಳು. ತೇಗ, ದಿಂಡಿಗ, ಮತ್ತಿ ಬೆಳೆದ ಎಲೆ ಉದುರುವ ಕಾಡು. ಏರಿನಲ್ಲಿ ಕೆಂಪು ಮಣ್ಣು, ತಗ್ಗಿನಲ್ಲಿ ಎರೆ. ಅದರಡಿಯ ಕಲ್ಲು ಯಾವುದು ಗೊತ್ತೇ? ತಿಪಟೂರಿನ ತೋಟಗಳಡಿ ಇರುವ ಅದೇ ನೈಸ್ ಶಿಲೆ, ಭೂಗರ್ಭಶಾಸ್ತ್ರಜ್ಞರು ‘ಪೆನಿನ್ಸುಲರ್ ನೈಸ್’ ಎನ್ನುವ ಮುನ್ನೂರು ಕೋಟಿ ವರ್ಷದ ಆಸುಪಾಸಿನ ಮುದಿ ಕಲ್ಲು. ಪೂರ್ವಕ್ಕೆ ಚಿಕ್ಕನಾಯಕನಹಳ್ಳಿ ಗುಡ್ಡಸಾಲಿಗೆ ಹೋದರೆ ಕಬ್ಬಿಣ, ಮ್ಯಾಂಗನೀಸ್ ಇರುವ ಬೇರೆ ಜಾತಿಯ ಕಲ್ಲು ಎದುರಾಗುತ್ತದೆ, ನಿಜ. ಆದರೆ ಅರಳಗುಪ್ಪೆ ಕಡೆಯ ರೈತ ಬೋರು ಕೊರೆಸುವುದು ಬಹುಮಟ್ಟಿಗೆ ಮೂಲೆಹೊಳೆಯ ಬಳಗದ ಕಲ್ಲಿಗೇ.

ಬೋರಿನ ಮಾತು ಬಂತು, ಒಂದು ನಿಮಿಷ ಅಲ್ಲೇ ನಿಲ್ಲೋಣ. ಬೋರ್ ಲಾರಿ ಬಂದ ದಿನ ಕೇಳಿಬರುವ ಈ ಮಾತು ನಮ್ಮ ಕಡೆ ಯಾರಿಗೆ ಹೊಸದು?

‘ಗೌಡ್ರೇ, ಇನ್ನೂ ಮೆತ್ತಗೇ ಬರ್ತೈತೆ. ಇನ್ನೆರಡು ಪೈಪು ಇಳಿಸ್ಬೇಕು.’

‘ಅಯ್ಯೋ, 60 ಅಡಿ ಆಯ್ತಲ್ಲಪ್ಪ! ಇನ್ನೂ ಬಂಡೆ ಸಿಗ್ಲಿಲ್ವಾ?’

ಕೇಸಿಂಗ್ ಪೈಪ್ ಅಡಿ ಲೆಕ್ಕದಲ್ಲಿ ದುಡ್ಡು. ಹಾಗಾಗಿ ಬಂಡೆ ಬೇಗ ಸಿಕ್ಕರೆ ಖುಷಿ, ತಡವಾದರೆ ಸಂಕಟ. ಆದರೆ ಅದು ಯಾವುದರ ಅಳತೆ? ಮೇಲಿನ ಮಣ್ಣಿಗೂ ಕೆಳಗಿನ ಗಟ್ಟಿ ಬಂಡೆಗೂ ನಡುವೆ, ಕಲ್ಲಾಗಿದ್ದು ಮಣ್ಣಾಗುತ್ತಿರುವ, ಕೈಯಲ್ಲಿ ಹಿಡಿದರೆ ಕಲ್ಲಿನ ಗೆರೆ ಕಾಣುವ, ಹಿಸುಕಿದರೆ ಪುಡಿಯಾಗುವ ಒಂದು ಪದರ ಇರುತ್ತದೆ. ಕೇಸಿಂಗ್ ಇಳಿಯುವುದು ಆ ಪದರದ ಆಳದಷ್ಟು. ಮೂಲೆಹೊಳೆಯಲ್ಲಿ ಮಣ್ಣೂ ಸೇರಿದಂತೆ ಈ ಮೆತ್ತನೆ ಪದರದ ಸರಾಸರಿ ದಪ್ಪ 17 ಮೀಟರ್, ಅಂದರೆ 56 ಅಡಿ. ಅದರೊಳಗೆ ನೀರು ಬಾವಿಯ ಹಾಗೆ ತುಂಬಿ ನಿಂತಿರುವುದಿಲ್ಲ. ಕಣಕಣಕ್ಕೂ ಅಂಟಿಕೊಂಡಿರುತ್ತದೆ. ಪಂಪು ಹಾಕಿದರೆ ಒಂದು ಹನಿ ಬಾರದು. ಮೂಲೆಹೊಳೆಯ ಮಹಾ ಪತ್ತೇದಾರಿ ನಡೆದದ್ದು ಈ ಪದರದೊಳಗೆ. ರೈತ ದುಡ್ಡು ದಂಡವಾಯಿತೆಂದು ಶಪಿಸುವ ಆ ಉದ್ದವೇ ಅವನ ನೆಲದ ಉಗ್ರಾಣದ ಆಳ!

ಏನು ಪತ್ತೆಯಾಯಿತು? ಐದು ವರ್ಷದ ಅಳತೆಗೆ ಹೊಂದಿಸಿ ಒಂದು ಗಣಿತ ಮಾದರಿ ಕಟ್ಟಿದರು, ಅದಕ್ಕೆ 32 ವರ್ಷದ ಹವಾಮಾನವನ್ನು ಉಣಿಸಿದರು. ರುಯಿಜ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ. ವರ್ಷಕ್ಕೆ ಸರಾಸರಿ 1,090 ಮಿಲಿಮೀಟರ್ ಮಳೆ. ಅದರಲ್ಲಿ ಸುಮಾರು 900 ಮಿಲಿಮೀಟರ್ ಮರಗಿಡಗಳ ಮೂಲಕ, ಆವಿಯಾಗಿ, ವಾಪಸ್ ಆಕಾಶಕ್ಕೆ. ಹಳ್ಳದಲ್ಲಿ ಹರಿದು ಹೋಗುವುದು 100. ನೆಲದಡಿಯಲ್ಲೇ ಸರಿದು ಹೋಗುವ ಅಂತರ್ಜಲ 80. ಸುರಿದ ಮಳೆಯಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಮೇಲಕ್ಕೇ ಹೋಯಿತು! ನಾವೋ, ಮಳೆ ಎಂದರೆ ಕೆರೆ ತುಂಬುವುದು, ಕೋಡಿ ಬೀಳುವುದು ಅಂದುಕೊಂಡವರು. ಕೆರೆಗೆ ಬರುವುದು ಮಳೆಯ ಚಿಲ್ಲರೆ.

ಅಚ್ಚರಿಯ ತಿರುಳು ಆ 900ರ ಒಳಗಿದೆ. ಅದರಲ್ಲಿ 100 ಮಿಲಿಮೀಟರ್ ಮೇಲ್ಮಣ್ಣಿನದಲ್ಲ. ಮರಗಳು ಬೇರನ್ನು ಆ ಮೆತ್ತನೆ ಕಲ್ಲಿನ ಆಳಕ್ಕೆ ಇಳಿಸಿ ಹೀರಿದ್ದು. ನೂರು ಮಿಲಿಮೀಟರ್ ಎಂದರೆ ಎಕರೆಗೆ ನಾಲ್ಕು ಲಕ್ಷ ಲೀಟರ್. ಮೇಲಿನ ಮಣ್ಣು ಬಿರುಕು ಬಿಟ್ಟು, ಹಳ್ಳ ಬತ್ತಿದ ಕಾಲದಲ್ಲೂ ಕಣ್ಣಿಗೆ ಕಾಣದ ಒಂದು ಉಗ್ರಾಣದಿಂದ ಎಕರೆಗೆ ಲಕ್ಷಗಟ್ಟಲೆ ಲೀಟರ್ ನೀರನ್ನು ಒಂದು ಸದ್ದಿಲ್ಲದೆ, ಒಂದು ಯೂನಿಟ್ ಕರೆಂಟಿಲ್ಲದೆ ಮರಗಳು ಮೇಲೆತ್ತುತ್ತಿವೆ.

ಇದರಿಂದ ಏನಾಗುತ್ತದೆ ಎಂದರೆ, ಮುಂದಿನ ಮಳೆಗೆ ಹಳೇ ಸಾಲ ತೀರಿಸುವ ಕೆಲಸ ಬೀಳುತ್ತದೆ. ಮರ ಖಾಲಿ ಮಾಡಿದಷ್ಟನ್ನು ಮೊದಲು ಆ ಪದರಕ್ಕೆ ತುಂಬಬೇಕು, ಅದು ಸಾಕೆಂದ ಮೇಲೆಯೇ ಒಂದು ಹನಿ ಕೆಳಗಿನ ಅಂತರ್ಜಲಕ್ಕೆ. ಪದರ ತೆಳುವಿರುವಲ್ಲಿ ಸಾಲ ಬೇಗ ತೀರಿ ಕೊಳವೆಬಾವಿಯ ಮಟ್ಟ ಬೇಗ ಏರುತ್ತದೆ. ದಪ್ಪ ಇರುವಲ್ಲಿ ಮಳೆಗಾಲ ಬಂದು ಹೋದರೂ ಮಟ್ಟ ಅಲ್ಲಾಡುವುದಿಲ್ಲ. ಒಂದೇ ಇಳಿಜಾರು, ಒಂದೇ ಮಳೆ, ಆದರೆ ಏರಿನ ಬಾವಿಗೊಂದು ಕಾಲ, ತಗ್ಗಿನ ಬಾವಿಗೊಂದು ಕಾಲ! ‘ಪಕ್ಕದ ತೋಟದ ಬೋರಿಗೆ ನೀರು ಬಂತು, ನಮ್ಮದಕ್ಕೆ ಯಾಕಿಲ್ಲ?’ ಎಂಬ ಪ್ರಶ್ನೆಗೆ ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ಪಾಯಿಂಟ್ ನೋಡುವವರು ಕೊಡುವ ಉತ್ತರಕ್ಕಿಂತ ಈ ಉತ್ತರ ನನಗೆ ಹತ್ತು ಪಟ್ಟು ವಿಸ್ಮಯದ್ದು ಎನಿಸುತ್ತದೆ. ಪಾಯಿಂಟ್ ನೋಡುವವರು ಮುನಿಸಿಕೊಳ್ಳಬಾರದು.

ಇನ್ನೊಂದು ಇದೆ. ಆ 32 ವರ್ಷದ ಲೆಕ್ಕದಲ್ಲಿ ನೀರಿನ ಸುಭಿಕ್ಷದ ಕಾಲ, ದುರ್ಭಿಕ್ಷದ ಕಾಲ ಒಂದರ ಹಿಂದೊಂದು ಬಂದು ಹೋಗುವುದು ಕಂಡಿತು, ಸುಮಾರು 14 ವರ್ಷದ ಸುತ್ತು. ಮೂರು ವರ್ಷದ ಯೋಜನೆಗೆ ದುಡ್ಡು ತಂದು, ಮೂರು ವರ್ಷ ಅಳೆದು, ವರದಿ ಒಪ್ಪಿಸಿ ಎದ್ದು ಹೋಗುವವರಿಗೆ ಇದು ಕಾಣುವುದು ಸಾಧ್ಯವೇ? ಏರುವ ಕಾಲದಲ್ಲಿ ಅಳೆದವರು ‘ನಮ್ಮ ಚೆಕ್‌ಡ್ಯಾಮಿನಿಂದ ಅಂತರ್ಜಲ ಏರಿತು’ ಎಂದು ಫೋಟೊ ಹೊಡೆಸಿಕೊಳ್ಳುತ್ತಾರೆ, ಇಳಿಯುವ ಕಾಲದಲ್ಲಿ ಅಳೆದವರು ತಲೆ ತಗ್ಗಿಸುತ್ತಾರೆ. ಇಬ್ಬರದೂ ಅರ್ಧ ಸತ್ಯ ಇರಬಹುದು.

ಮೂಲೆಹೊಳೆಯ ಹಳ್ಳದ ಕಥೆಯೂ ಕೇಳುವಂಥದ್ದೇ. ಅಂತರ್ಜಲ ಒಸರಿ ಹಳ್ಳ ಹರಿಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಮೂಲೆಹೊಳೆಯಲ್ಲಿ ಉಲ್ಟಾ! ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಎಷ್ಟೋ ಕೆಳಗಿದೆ. ಮಳೆ ಬಂದಾಗ ಹಳ್ಳ ಹರಿಯುತ್ತದೆ, ಹರಿಯುತ್ತ ಹರಿಯುತ್ತ ತಾನೇ ನೆಲಕ್ಕೆ ನೀರು ಕುಡಿಸುತ್ತದೆ. 2003ರಿಂದ 2006ರವರೆಗಿನ ಅಳತೆಗಳಿಂದ ಹಾಕಿದ ಲೆಕ್ಕದಲ್ಲಿ ಮಳೆಯಿಂದ ನೇರವಾಗಿ ಅಂತರ್ಜಲಕ್ಕೆ ಇಳಿದದ್ದು ವರ್ಷಕ್ಕೆ 45 ಮಿಲಿಮೀಟರ್, ಹಳ್ಳದ ತಳದಿಂದ ಇಳಿದದ್ದು 30. ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ದಟ್ಟ ಕಾಡಿನಲ್ಲಿ!

ನೆಲದೊಳಗೆ ಇಳಿದ ನೀರನ್ನು ಹೇಗೆ ಎಣಿಸುತ್ತಾರೆ ಎನ್ನುವುದೇ ಒಂದು ಮಾಯಾಬಜಾರು. ಒಂದು ದಾರಿ ಉಪ್ಪು. ಮಳೆಹನಿಯಲ್ಲಿ ಸಮುದ್ರದಿಂದ ಎದ್ದು ಬಂದ ಉಪ್ಪಿನ ಅಂಶ ಚೂರೇ ಚೂರು ಇರುತ್ತದೆ. ಮರ ನೀರನ್ನು ಹೀರುತ್ತದೆ, ಉಪ್ಪಿನ ಕ್ಲೋರೈಡನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಮಳೆಯಲ್ಲಿದ್ದ ಕ್ಲೋರೈಡಿಗಿಂತ ಬಾವಿಯ ನೀರಿನಲ್ಲಿ ಎಷ್ಟು ಪಟ್ಟು ಹೆಚ್ಚಿದೆ ನೋಡಿದರೆ, ಮಳೆಯಲ್ಲಿ ಎಷ್ಟು ಪಾಲು ಆವಿಯಾಗಿ ಹೋಯಿತು, ಎಷ್ಟು ಕೆಳಗಿಳಿಯಿತು ಎಂದು ತಿಳಿಯುತ್ತದೆ. ಇನ್ನೊಂದು ದಾರಿ, ಆಸ್ಪತ್ರೆಯ ಎಂಆರ್‌ಐ ಯಂತ್ರ ಕೆಲಸ ಮಾಡುವ ಅದೇ ತತ್ವ. ನೆಲದ ಮೇಲೆ ತಂತಿಯ ದೊಡ್ಡ ಸುರುಳಿ ಹಾಸಿ, ವಿದ್ಯುತ್ತಿನ ಮಿಡಿತ ಕಳಿಸಿ, ಕೆಳಗಿನ ನೀರಿನ ಹೈಡ್ರೋಜನ್ ಕೊಡುವ ಮರುದನಿಯನ್ನು ಕೇಳುವುದು. ಮೂಲೆಹೊಳೆಯ ಹಳ್ಳದ ಬದಿಯಲ್ಲಿ ಇದನ್ನೂ ಮಾಡಿದ್ದಾರೆ. ನೆಲಕ್ಕೇ ಸ್ಕ್ಯಾನಿಂಗ್!

ಬೆಟ್ಟದ ಇಳಿಜಾರು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬ ಗುಮಾನಿ ಜಗತ್ತಿಗೆ ಹಳೆಯದು. ಅಮೆರಿಕದ ಕೊವೀಟಾ ಎಂಬಲ್ಲಿ ಹ್ಯೂಲೆಟ್, ಹಿಬರ್ಟ್ ಎಂಬಿಬ್ಬರು ಗುಡ್ಡದ ಇಳಿಜಾರಿನಲ್ಲಿ ಕಾಂಕ್ರೀಟಿನ ಉದ್ದನೆ ತೊಟ್ಟಿ ಕಟ್ಟಿ, ಮಣ್ಣು ತುಂಬಿ, ನೀರುಣಿಸಿ, ಆವಿಯಾಗದಂತೆ ಮೇಲೆ ಮುಚ್ಚಿ ಕೂತರು. ತಿಂಗಳುಗಟ್ಟಲೆ ಅದರ ಬಾಯಲ್ಲಿ ನೀರು ಜಿನುಗುತ್ತಲೇ ಇತ್ತು. 1963ರಲ್ಲಿ ಅವರು ಅದನ್ನು ಬರೆದಾಗ, ಮಳೆ ನಿಂತ ಮೇಲೂ ಬೆಟ್ಟದ ತೊರೆ ಹೇಗೆ ಹರಿಯುತ್ತದೆ ಎಂಬ ಒಗಟಿಗೆ ಬರೀ ಮಣ್ಣೇ ಸಾಕು ಎಂದು ಗೊತ್ತಾಯಿತು. ಜಾರ್ಜಿಯಾ ರಾಜ್ಯದ ಪನೋಲ ಬೆಟ್ಟದಲ್ಲಿ 147 ಮಳೆಗಳ ದಾಖಲೆ ನೋಡಿದವರಿಗೆ ಇನ್ನೊಂದು ಕಂಡಿತು: ಒಂದೇ ಸಲಕ್ಕೆ ಸುಮಾರು 55 ಮಿಲಿಮೀಟರ್ ದಾಟದ ಮಳೆಗೆ ಇಳಿಜಾರು ಬಾಯೇ ಬಿಡುವುದಿಲ್ಲ, ದಾಟಿದರೆ ಮಣ್ಣಿನಡಿಯಲ್ಲಿ ಧೋ ಎಂದು ಹರಿವು. ಯಾಕೆಂದರೆ ಮಣ್ಣಿನಡಿಯ ಬಂಡೆಯ ಮೇಲೆ ತಗ್ಗುಗಳಿವೆ, ಅವು ಒಂದೊಂದೇ ತುಂಬಿ ಕೋಡಿ ಬೀಳಬೇಕು. ಕೆರೆಯಿಂದ ಕೆರೆಗೆ ಕೋಡಿ ಬಿಟ್ಟು ಸರಪಳಿ ಕಟ್ಟಿದ ನಮ್ಮ ಹಿರಿಯರಿಗೆ ಇದನ್ನು ಹೇಳಿದ್ದರೆ ‘ಅದರಲ್ಲೇನು ಬಂತು’ ಎನ್ನುತ್ತಿದ್ದರೇನೋ.

ಈಗ ನನ್ನ ನಿದ್ದೆಗೆಡಿಸಿದ ಸಂಗತಿಗೆ ಬರುತ್ತೇನೆ.

ಮೂಲೆಹೊಳೆಯಿಂದ ಗಡಿಯಾಚೆ, ತಮಿಳುನಾಡಿನ ಮುದುಮಲೈ ಕಾಡಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರ ತಂಡ 1988ರಲ್ಲಿ 50 ಹೆಕ್ಟೇರ್ ಜಾಗ ಗುರುತು ಮಾಡಿ, ಬೆರಳ ಗಾತ್ರದ ಸಸಿಯಿಂದ ಹಿಡಿದು ಪ್ರತಿಯೊಂದು ಮರಕ್ಕೂ ನಂಬರು ಕೊಟ್ಟಿತು. ಯಾವುದು ಬೆಳೆಯಿತು, ಯಾವುದು ಸತ್ತಿತು ಎಂದು ದಶಕಗಳಿಂದ ಬರೆದಿಡುತ್ತಿದೆ. 2018ರಲ್ಲಿ ರುತುಜಾ ಚಿತ್ರಾ ತಾರಕ್ ಮತ್ತು ಸಂಗಡಿಗರು ಆ ಮರಗಳ ದಾಖಲೆಯನ್ನೂ ನೆಲದೊಳಗಿನ ನೀರಿನ ಲೆಕ್ಕವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರು. ಲೇಖಕರ ಪಟ್ಟಿಯಲ್ಲಿ ಮೂಲೆಹೊಳೆಯ ರುಯಿಜ್ ಇದ್ದಾರೆ, ‘ಹಂದನಕೆರೆ ಎಸ್. ದತ್ತರಾಜ’ ಎಂಬ ಹೆಸರೂ ಇದೆ. ಹಂದನಕೆರೆ ಎಂದರೆ ಚಿಕ್ಕನಾಯಕನಹಳ್ಳಿ ತಾಲೂಕಿನ ಹೋಬಳಿ. ನಮ್ಮ ಕಡೆಯವರ ಕಣ್ಣು ಅಲ್ಲಿ ಒಂದು ಕ್ಷಣ ನಿಲ್ಲದೆ ಇರುತ್ತದೆಯೇ!

ಅವರು ಕೇಳಿದ್ದು ಇಷ್ಟೇ: ಬರ ಬಂದಾಗ ಯಾವ ಮರ ಸಾಯುತ್ತದೆ? ಆಳಕ್ಕೆ ಬೇರಿಳಿಸಿದ್ದು ಉಳಿಯುತ್ತದೆ, ಮೇಲೆ ಬೇರು ಬಿಟ್ಟದ್ದು ಸಾಯುತ್ತದೆ, ನೀವೂ ನಾನೂ ಹೀಗೇ ಹೇಳುತ್ತಿದ್ದೆವು. 12 ಜಾತಿಯ ಮರಗಳ, ಎರಡು ದಶಕಗಳ ಲೆಕ್ಕ ಹೇಳಿದ್ದು ಬೇರೆ. ಹಲವು ವರ್ಷ ಎಡೆಬಿಡದೆ ಬಂದ ಬರದಲ್ಲಿ ಹೆಚ್ಚು ಸತ್ತದ್ದು ಆಳದ ನೀರನ್ನು ನಂಬಿದ ಜಾತಿಗಳು! ಮೇಲ್ಮಣ್ಣು ಒಂದು ಒಳ್ಳೆ ಮಳೆಗೆ ತುಂಬಿಕೊಳ್ಳುತ್ತದೆ. ಆಳದ ಪದರ ಒಮ್ಮೆ ಬರಿದಾದರೆ ಮತ್ತೆ ತುಂಬಲು ವರ್ಷಗಳೇ ಬೇಕು. ಒಂದು ವರ್ಷದ ಬರವನ್ನು ಆಳದ ಬೇರಿನ ಮರ ನಕ್ಕು ದಾಟುತ್ತದೆ. ಬರದ ಮೇಲೆ ಬರ ಬಂದರೆ, ಮೇಲೆ ಹಸಿರು ಚಿಗುರುತ್ತಿರುವಾಗಲೇ ಅದು ಬಾಯಾರಿ ಸಾಯುತ್ತದೆ. ಒಂದೇ ಕಾಡಿನಲ್ಲಿ ಅಕ್ಕಪಕ್ಕ ನಿಂತ ಎರಡು ಮರಗಳು ಬೇರೆ ಬೇರೆ ವರ್ಷಗಳಲ್ಲಿ ಬರ ಕಾಣುತ್ತವೆ.

ಇದನ್ನು ತೆಂಗಿನ ತೋಟಕ್ಕೆ ತಂದು ನೋಡಿ. ತೆಂಗಿಗೆ ತಾಯಿಬೇರಿಲ್ಲ. ಬುಡದ ಗಡ್ಡೆಯಿಂದ ಸಾವಿರಾರು ಬೇರುಗಳು ಹಗ್ಗದ ಹಾಗೆ ಸುತ್ತ ಹರಡುತ್ತವೆ, ಹೆಚ್ಚಿನವು ಮೇಲಿನ ನಾಲ್ಕೈದು ಅಡಿಯಲ್ಲೇ. 56 ಅಡಿಯ ಉಗ್ರಾಣ ಅದರ ಕೈಗೆಟುಕದು. ಸೃಷ್ಟಿಯ ಲೆಕ್ಕದಲ್ಲಿ ಅದು ಮೇಲ್ಮಣ್ಣಿನ ಗಿರಾಕಿ, ಮುಂಗಾರು ಹಿಂಗಾರು ಎರಡೂ ಹದವಾಗಿ ಬಂದರೆ ಬದುಕುವ ಮರ. ಅದಕ್ಕೇ ಹಿಂದಿನವರು ಕೆರೆಯ ಕೆಳಗೆ, ಹಳ್ಳದ ದಂಡೆಯಲ್ಲಿ, ತಗ್ಗಿನಲ್ಲಿ ತೆಂಗು ಹಾಕಿದರು. ಆಮೇಲೆ ಬೋರ್‌ವೆಲ್ ಬಂತು. ತೋಟ ತಗ್ಗಿನಿಂದ ಮೇಲಕ್ಕೆ ಹತ್ತಿತು, ರಾಗಿ ಹೊಲಕ್ಕೆ, ದಿಬ್ಬಕ್ಕೆ, ಗುಡ್ಡದ ಬುಡಕ್ಕೆ. ನಾವು ಏನು ಮಾಡಿದೆವು ಎಂದರೆ, ತಾಯಿಬೇರಿಲ್ಲದ ಮರಕ್ಕೆ ಕಬ್ಬಿಣದ ತಾಯಿಬೇರು ಜೋಡಿಸಿದೆವು. ಅದೂ ಮುದುಮಲೈಯ ಮರಗಳು ಹೋದುದಕ್ಕಿಂತ ಎಷ್ಟೋ ಆಳಕ್ಕೆ, ಮೆತ್ತನೆ ಪದರವನ್ನೂ ದಾಟಿ, ಬಂಡೆಯ ಬಿರುಕಿಗೆ.

ಮೇಲ್ಬೇರಿನ ತೆಂಗನ್ನು ಆಳದ ಬೇರಿನ ಜಾತಿಯನ್ನಾಗಿ ಮಾಡಿಬಿಟ್ಟೆವು! ಒಂದು ವರ್ಷದ ಬರವನ್ನು ತೋಟ ಈಗ ನಕ್ಕು ದಾಟುತ್ತದೆ. ಬರದ ಮೇಲೆ ಬರ ಬಿದ್ದಾಗ, ಬೋರು ನಿಂತ ಮೇಲೆ ಒಳ್ಳೆ ಮಳೆ ಬಂದರೂ, ಆಳ ತುಂಬುವ ತನಕ ಕಾಯುವ ಶಕ್ತಿ ಮರಕ್ಕಿರುವುದಿಲ್ಲ. ಗರಿ ಜೋತುಬಿದ್ದು, ಹರಳು ಉದುರಿ, ಸುಳಿ ಕಳಚಿ ಬರೀ ಕಂಬಗಳಾಗಿ ನಿಂತ ತೋಟಗಳನ್ನು 2016ರ ಬರದ ಮುಂದೆ ಹಿಂದೆ ಈ ಸೀಮೆಯಲ್ಲಿ ರೈಲಿನ ಕಿಟಕಿಯಿಂದಲೇ ಕಾಣಬಹುದಿತ್ತು. ಮೂಲೆಹೊಳೆಯ ಅಂಕಿಗಳನ್ನು ಎತ್ತಿ ತಂದು ಅರಳಗುಪ್ಪೆಗೆ ಹಾಗೇ ಅಂಟಿಸುವಂತಿಲ್ಲ, ಒಪ್ಪುತ್ತೇನೆ. ಇಲ್ಲಿ ಮಳೆ ಅಲ್ಲಿಗಿಂತ ಎಷ್ಟೋ ಕಡಿಮೆ, ಕಾಡಿನ ಬದಲು ತೋಟ, ಮೇಲೆ ಹೇಮಾವತಿ ನಾಲೆಯ ನೀರು ಕೆಲವು ಕೆರೆಗೆ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ. ಆದರೆ ಕಡಿಮೆ ಮಳೆಯ ಕಡೆ ಉಗ್ರಾಣ ಇನ್ನಷ್ಟು ನಿಧಾನವಾಗಿ ತುಂಬೀತೇ ಹೊರತು ಬೇಗ ತುಂಬುವ ಕಾರಣ ಕಾಣುವುದಿಲ್ಲ.

ಹಾಗಾದರೆ ನಮ್ಮ ಇಳಿಜಾರುಗಳ ಹೊಟ್ಟೆಯಲ್ಲಿ ಈಗ ಎಷ್ಟಿದೆ? ಅಳೆಯುವುದಕ್ಕೆ ದಾರಿ ಉಂಟು. ತೀರಾ ಹಳೆಯದು ಕೈ ಅಳತೆ. ಗುಂಡಿ ತೆಗೆದು, ಒಂದೊಂದು ಅಡಿಗೆ ಒಂದು ಹಿಡಿ ಮಣ್ಣೆತ್ತಿ, ಅಂಗೈಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ಹೆಬ್ಬೆರಳು ತಾಗಿಸಿದರೆ ಉದುರಬೇಕು, ಆಗ ಬೆದೆ ಸರಿ ಎನ್ನುತ್ತಾನೆ ರೈತ. ಅದೇ ಹಿಡಿ ಮಣ್ಣನ್ನು ವಿಜ್ಞಾನಿ ತೂಗಿ, 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗುತ್ತಾನೆ. ಕಳೆದ ತೂಕವೇ ನೀರು. ನೂರಾರು ಸಲ ಗುಂಡಿ ತೋಡುವ ಬದಲು ಈಗ ಮಣ್ಣಿಗೆ ಕಡ್ಡಿ ಚುಚ್ಚಿ ವಿದ್ಯುತ್ ಗುಣ ನೋಡುತ್ತಾರೆ. ನೀರಿನ ಡೈಎಲೆಕ್ಟ್ರಿಕ್ ಅಂಕ 80ರ ಸುಮಾರು, ಒಣಮಣ್ಣಿನದು ಬರೀ ಮೂರರಿಂದ ಐದು. ಒಂದು ಮಳೆ ಬಿದ್ದರೂ ಅಂಕಿ ನೆಗೆಯುತ್ತದೆ, ಬಚ್ಚಿಡಲಾಗದು.

ಇದಕ್ಕಿಂತ ಹುಚ್ಚು ಹಿಡಿಸುವ ಯಂತ್ರ ಮೂಲೆಹೊಳೆಯ ಜೋಡಿ ತಾಣವಾದ ಬೇರಂಬಾಡಿಯಲ್ಲಿದೆ. ಗುಂಡ್ಲುಪೇಟೆ ತಾಲೂಕಿನ ಇದು 84 ಚದರ ಕಿಲೋಮೀಟರಿನ ಜಲಾನಯನ, ಅರಿಸಿನ, ಸೂರ್ಯಕಾಂತಿ, ಚೆಂಡುಹೂವು, ಬೋರ್‌ವೆಲ್ ಎಲ್ಲ ಇರುವ ರೈತರ ನೆಲ, ನಮ್ಮಂಥದ್ದೇ. ಅಲ್ಲಿ ನೆಟ್ಟ ಒಂದು ಕಂಬಕ್ಕೆ ಕಟ್ಟಿದ ಕೊಳವೆ ಮಣ್ಣನ್ನು ಮುಟ್ಟುವುದೇ ಇಲ್ಲ! ನಮ್ಮ ನಕ್ಷತ್ರಮಂಡಲದಲ್ಲಿ ಎಂದೋ ಎಲ್ಲೋ ಸಿಡಿದ ನಕ್ಷತ್ರಗಳಿಂದ ಹೊರಟವು ಎನ್ನಲಾಗುವ ಕಾಸ್ಮಿಕ್ ಕಣಗಳು ಸದಾ ಭೂಮಿಗೆ ಅಪ್ಪಳಿಸುತ್ತಿರುತ್ತವೆ. ಗಾಳಿಗೂ ಮಣ್ಣಿಗೂ ಬಡಿದು ನ್ಯೂಟ್ರಾನುಗಳನ್ನು ಚಿಮ್ಮಿಸುತ್ತವೆ. ಆ ನ್ಯೂಟ್ರಾನಿನ ಓಟವನ್ನು ಎಲ್ಲಕ್ಕಿಂತ ಚೆನ್ನಾಗಿ ತಡೆಯುವುದು ಹೈಡ್ರೋಜನ್, ಅಂದರೆ ನೆಲದಲ್ಲಿ ಬಹುಮಟ್ಟಿಗೆ ನೀರು. ಮಣ್ಣು ಒದ್ದೆಯಿದ್ದರೆ ಮೇಲೆ ಚಿಮ್ಮುವ ವೇಗದ ನ್ಯೂಟ್ರಾನ್ ಕಡಿಮೆ, ಒಣಗಿದ್ದರೆ ಜಾಸ್ತಿ. ಕೊಳವೆ ಅವನ್ನು ಎಣಿಸುತ್ತ ನಿಂತಿರುತ್ತದೆ. ಸುತ್ತ ನೂರಿನ್ನೂರು ಮೀಟರ್ ನೆಲದ, ಒಂದೆರಡು ಅಡಿ ಆಳದ ತೇವ ಅದಕ್ಕೆ ಗೊತ್ತಾಗುತ್ತದೆ. ಅರಿಜೋನಾದ ಮಾರೆಕ್ ಜ್ರೆಡಾ ಮತ್ತು ಸಂಗಡಿಗರು 2008ರಲ್ಲಿ ತೋರಿಸಿಕೊಟ್ಟ ಈ ವಿದ್ಯೆ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೂ ಬಂದಿದೆ. ನಕ್ಷತ್ರ ಸಿಡಿದದ್ದು ಎಲ್ಲೋ, ಬೇರಂಬಾಡಿಯ ಅರಿಸಿನದ ಹೊಲದ ತೇವ ಅಳೆಯುವುದು ಅದರ ಕಣದಿಂದ!

ಉಪಗ್ರಹಗಳೂ ಇವೆ. 2009ರ ಸ್ಮಾಸ್, 2015ರ ಸ್ಮ್ಯಾಪ್ ಎರಡೂ ಇಡೀ ಭೂಮಿಯ ಮಣ್ಣಿನ ತೇವ ನೋಡುತ್ತವೆ. ಆದರೆ ನೋಡುವುದು ಮೇಲಿನ ಸುಮಾರು 5 ಸೆಂಟಿಮೀಟರ್ ಮಾತ್ರ, ಅದೂ ಹತ್ತಾರು ಕಿಲೋಮೀಟರ್ ಅಗಲದ ಚುಕ್ಕೆಗಳಲ್ಲಿ. ತಿಪಟೂರು ತಾಲೂಕು ಪೂರಾ ಒಂದು ಚುಕ್ಕೆಯೊಳಗೆ ಕರಗಿ ಹೋಗುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಾಸಾ ಮತ್ತು ಇಸ್ರೊ ಜಂಟಿಯ ನಿಸಾರ್ ಇದಕ್ಕಿಂತ ಎಷ್ಟೋ ಸೂಕ್ಷ್ಮವಾಗಿ, 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳಿ ನೋಡುತ್ತದೆ. ಆಕಾಶದಿಂದ ನೋಡಿದ್ದು ಸರಿಯೋ ತಪ್ಪೋ ಎಂದು ನೆಲದಲ್ಲಿ ನಿಂತು ತಾಳೆ ನೋಡಲು ಬೇಕಾಗುವುದು ಬೇರಂಬಾಡಿಯಂಥ ಹಳ್ಳಿಯೇ. ಅಲ್ಲಿ ಉಪಗ್ರಹ ತಲೆಯ ಮೇಲೆ ಹಾದುಹೋಗುವ ದಿನಗಳಲ್ಲಿ ಹೊಲ ಹೊಲ ತಿರುಗಿ ಮಣ್ಣಿಗೆ ಕಡ್ಡಿ ಚುಚ್ಚಿ ಬರೆದುಕೊಂಡು ಬರುವ ಕೆಲಸ ವರ್ಷಗಟ್ಟಲೆ ನಡೆದಿದೆ. ರಾಕೆಟ್ಟಿನ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಕಡ್ಡಿ ಚುಚ್ಚಿದವರ ಫೋಟೊ ಬರುವುದಿಲ್ಲ.

ನಮ್ಮಲ್ಲಿ ಮಳೆ ಅಳೆಯುವುದಕ್ಕೆ ಕೊರತೆಯಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ಗ್ರಾಮ ಪಂಚಾಯಿತಿಗೊಂದರಂತೆ ಇದೆ, ಎಷ್ಟು ಮಿಲಿಮೀಟರ್ ಎಂದು ಮೊಬೈಲಿಗೇ ಬರುತ್ತದೆ. ಅಂತರ್ಜಲ ಇಲಾಖೆಯ ವೀಕ್ಷಣಾ ಬಾವಿಗಳಿವೆ, ಮಟ್ಟ ಎಷ್ಟು ಇಳಿಯಿತು ಎಂಬ ಪಟ್ಟಿ ಪ್ರಕಟವಾಗುತ್ತದೆ. ಮೇಲೆ ಬಿದ್ದದ್ದು ಗೊತ್ತು, ತಳದಲ್ಲಿ ಉಳಿದದ್ದು ಗೊತ್ತು. ನಡುವಿನ ಆ 50, 60 ಅಡಿಯಲ್ಲಿ ಎಷ್ಟು ಸಾಲ ಬಾಕಿ ಇದೆ ಎಂದು ಹೇಳುವ ಒಂದು ಪುಸ್ತಕವೂ ತೆಂಗಿನ ಸೀಮೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಕೃಷಿ ಹೊಂಡ, ಕಂದಕ ಬದು, ಕಾಯಿಮಟ್ಟೆ ಹೂಳುವುದು, ಬುಡಕ್ಕೆ ಗರಿ ಹೊದಿಸುವುದು ಎಲ್ಲವೂ ಒಳ್ಳೆಯವೇ, ಮಾಡುತ್ತಿದ್ದೇವೆ. ಯಾವುದು ಎಷ್ಟು ಆಳಕ್ಕೆ ತೇವ ಇಳಿಸಿತು, ಯಾವುದು ಮೇಲೇ ಆವಿಯಾಯಿತು ಎಂದು ಕೇಳಿದರೆ ಬಾಯಿಮಾತಿನ ಉತ್ತರ ಮಾತ್ರ. ಹೊಸ ತೋಟ ಎಲ್ಲಿಯವರೆಗೆ ಗುಡ್ಡ ಹತ್ತಬಹುದು ಎಂಬ ಪ್ರಶ್ನೆಗೆ ಅದೂ ಇಲ್ಲ.

ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ತಿಪಟೂರಿನಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಕಾಲೇಜುಗಳಿವೆ, ಕೊಬ್ಬರಿಯಿಂದ ಬದುಕುವ ಒಂದು ದೊಡ್ಡ ಮಾರುಕಟ್ಟೆಯಿದೆ. ಇವರೆಲ್ಲರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಒಂದು ಇಳಿಜಾರು ಆರಿಸಿ. ನೆತ್ತಿಗೊಂದು, ನಡುವಿಗೊಂದು, ತಗ್ಗಿಗೊಂದು ಕೊಳವೆ ಇಳಿಸಿ. ಬಂಡೆ ಸಿಗುವವರೆಗೂ ಇಳಿಸಿ, ಮೂರಡಿಗೆ ನಿಲ್ಲಿಸಬೇಡಿ. ಪಕ್ಕದಲ್ಲಿ ಗುರುತು ಮಾಡಿದ ಒಂದಷ್ಟು ತೆಂಗಿನ ಮರಗಳ ಗರಿ, ಹೊಂಬಾಳೆ, ಕಾಯಿ ಎಣಿಸಿ. ರೈತರೇ, ನಿಮ್ಮ ಬೋರಿಗೆ ಕೇಸಿಂಗ್ ಎಷ್ಟಡಿ ಇಳಿಯಿತು ಎಂಬುದನ್ನು ಸರ್ವೆ ನಂಬರಿನ ಜತೆ ಪಂಚಾಯಿತಿಗೆ ಬರೆಸಿ. ಊರಿನ ಎಲ್ಲ ಬೋರಿನದ್ದು ಸೇರಿದರೆ ಉಗ್ರಾಣದ ನಕ್ಷೆ ಖರ್ಚಿಲ್ಲದೆ ಸಿದ್ಧ. ಮೊದಲ ವರ್ಷ ಏನೂ ತಿಳಿಯುವುದಿಲ್ಲ, ಎರಡನೇ ವರ್ಷ ಬೇಜಾರು ಬರುತ್ತದೆ. ಮೂಲೆಹೊಳೆಯ ಇಳಿಜಾರಿನ ಲೆಕ್ಕ ಕಟ್ಟಲು ಐದು ವರ್ಷದ ಅಳತೆ ಬೇಕಾಯಿತು, ಮುದುಮಲೈಯ ಮರಗಳು ತಮ್ಮ ಗುಟ್ಟು ಹೇಳಲು ಎರಡು ದಶಕ. ಹಾಗಾಗಿ ಯಂತ್ರಕ್ಕೆ ದುಡ್ಡು ಕೂಡಿಸುವ ಮೊದಲು, ಹದಿನೈದು ವರ್ಷ ಪ್ರತಿ ವಾರ ಹೋಗಿ ಅಳೆದು ಬರೆಯುವ ಒಬ್ಬರ ಸಂಬಳಕ್ಕೆ ದುಡ್ಡು ಕೂಡಿಸಿ.